ನೈಟ್ರೈಲ್ ಓ-ರಿಂಗ್ ಡಬ್ಬಿ: ಎಲ್ಲಿಗೆ ಸಾಕು, ಎಲ್ಲಿಗೆ ಸಾಲದು

ಮುಚ್ಚಳಕ್ಕೆ ಅಂಟಿಸಿದ ಅಳತೆಪಟ್ಟಿ, ಒಳಗೆ ಮೂವತ್ತು ಚಿಲ್ಲರೆ ಖಾನೆ, ನಾಲ್ಕುನೂರರ ಆಸುಪಾಸು ಕಪ್ಪು ಓ-ರಿಂಗುಗಳು, ಅಂದರೆ ಎರಡು ಭಾಗಗಳ ನಡುವಿನ ಸೋರಿಕೆ ತಡೆಯುವ ರಬ್ಬರ್ ಉಂಗುರಗಳು. ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಅಥವಾ ನ್ಯೂಮ್ಯಾಟಿಕ್ (ಗಾಳಿಯ ಒತ್ತಡದ) ಕೆಲಸ ನಡೆಯುವ ಬೆಂಚುಗಳ ಮೇಲೆ ಇಂಥದೊಂದು ಡಬ್ಬಿ ಇದ್ದೇ ಇರುತ್ತದೆ. ಮೇಲಿನ ಹೆಸರು ಯಾವುದಾದರೂ ಸರಕು ಹೆಚ್ಚುಕಡಿಮೆ ಒಂದೇ: 70 ಶೋರ್ ಎ (ರಬ್ಬರಿನ ಗಡಸುತನ ಅಳೆಯುವ ಮಾಪಕ) ಗಡಸುತನದ ನೈಟ್ರೈಲ್ ರಬ್ಬರ್. ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಖನಿಜ ತೈಲ, ನೀರು, ಗಾಳಿ ಮೂರನ್ನೂ ತಡೆಯುತ್ತದೆ. ಈ ಕೆಲಸಕ್ಕೆ ಡಬ್ಬಿ ಕೊಳ್ಳಬೇಕಾದದ್ದೇ. ತಕರಾರು ಇರುವುದು ಅದನ್ನು ಬಳಸುವ ರೀತಿಯಲ್ಲಿ. ಒಳವ್ಯಾಸ ನೋಡಿ ರಿಂಗ್ ಆರಿಸುತ್ತಾರೆ, ದಪ್ಪ ನೋಡುವುದಿಲ್ಲ. ಸೋರಿಕೆ ನಿಲ್ಲಿಸುವುದು ದಪ್ಪ, ಅಂದರೆ ಗ್ರೂವ್ (ರಿಂಗ್ ಕೂರುವ ತೋಡು) ಒಳಗೆ ಅದು ಎಷ್ಟು ಅಮುಕುತ್ತದೆ ಎಂಬುದು.

ಒಂದು ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಇಂಚು ಸರಣಿಯ 2.62 ಮಿ.ಮೀ. ದಪ್ಪದ ರಿಂಗಿಗಾಗಿ ಕೊರೆದ, ಅಲುಗಾಡದ ಜೋಡಣೆಯ ಗ್ರೂವ್ ತೆಗೆದುಕೊಳ್ಳಿ. ತಳದಿಂದ ಎದುರು ಗೋಡೆಯವರೆಗೆ, ಎರಡು ಭಾಗಗಳ ನಡುವಿನ ಸಂದಾದ ಕ್ಲಿಯರೆನ್ಸೂ ಸೇರಿ, 2.08 ಮಿ.ಮೀ.; ಅಗಲ 3.6. ಸರಿಯಾದ ರಿಂಗ್ ಕೂತರೆ ಅಮುಕು ಸುಮಾರು ಶೇ. 20. ಅದೇ ಜಾಗಕ್ಕೆ ಜಪಾನಿ ಸರಣಿಯ 2.4 ಹಾಕಿದರೆ ಶೇ. 13ಕ್ಕೆ ಇಳಿಯುತ್ತದೆ. ಒಳವ್ಯಾಸ ಸ್ವಲ್ಪ ಚಿಕ್ಕದು ಎಂದು ಶೇ. 5ರಷ್ಟು ಎಳೆದು ತೊಡಿಸಿದರೆ ರಿಂಗೇ ತೆಳುವಾಗಿ 2.34 ಆಗುತ್ತದೆ, ಅಮುಕು ಶೇ. 11. ಮೊದಲ ದಿನ ಒಂದು ಹನಿಯೂ ಬರುವುದಿಲ್ಲ. ಬಿಸಿ ಎಣ್ಣೆಯಲ್ಲಿ ರಬ್ಬರ್ ಚಪ್ಪಟೆಯಾಗಿ ತನ್ನ ಪುಟಿತ ಕಳೆದುಕೊಂಡ ಮೇಲೆ, ಯಂತ್ರ ತಣ್ಣಗಿರುವಾಗ ಚಾಲೂ ಮಾಡಿದ ಹೊತ್ತಿಗೆ ತೇವ ಕಾಣಿಸುತ್ತದೆ.

ಹಾಗಾದರೆ ದಪ್ಪದ್ದನ್ನೇ ಹಾಕೋಣ ಎನ್ನುವವರೂ ಇದ್ದಾರೆ. 3 ಮಿ.ಮೀ. ರಿಂಗ್ ಅದೇ ಗ್ರೂವಿನ ಶೇ. 94 ಜಾಗ ತುಂಬುತ್ತದೆ, ಶೇ. 85 ದಾಟಬಾರದು ಎಂಬುದು ರೂಢಿಯ ಮಿತಿ. ಎಣ್ಣೆ ಕುಡಿದು, ಕಾದು ರಬ್ಬರ್ ಹಿಗ್ಗಿದಾಗ ಹೋಗಲು ಜಾಗವಿರುವುದಿಲ್ಲ. ಆಗ ಅದು ಕ್ಲಿಯರೆನ್ಸಿನೊಳಗೆ ನುಗ್ಗುತ್ತದೆ ಅಥವಾ ಬೋಲ್ಟು ಬಿಗಿಯುವಾಗಲೇ ಅಂಚಿಗೆ ಸಿಕ್ಕಿ ಹರಿಯುತ್ತದೆ.

2.4, 2.5, 2.62 ಕಣ್ಣಿಗೆ ಒಂದೇ. ಆದ್ದರಿಂದ ಕೊಳ್ಳುವಾಗ ಮೊದಲು ನೋಡಬೇಕಾದದ್ದು ರಿಂಗುಗಳ ಸಂಖ್ಯೆಯನ್ನಲ್ಲ, ಸರಣಿಯನ್ನು. 1.78, 2.62, 3.53 ಎಂದಿದ್ದರೆ ಇಂಚು, 1.5, 2, 2.5 ಎಂದಿದ್ದರೆ ಮೆಟ್ರಿಕ್. ದುರಸ್ತಿ ಮತ್ತು ಹೊಸ ವಿನ್ಯಾಸ ಎರಡೂ ಇರುವ ಕಡೆ ಎರಡು ಡಬ್ಬಿ ಬೇಕು, ಖಾನೆಗಳು ಬೆರೆಯಲೇಬಾರದು. ವರ್ನಿಯರ್‌ನಲ್ಲಿ ಅಳೆಯುವಾಗ ದವಡೆ ಒತ್ತಬೇಡಿ. ರಿಂಗ್ ಜಾರುತ್ತಾ ತುಸು ತಡೆದರೆ ಸಾಕು, ಒತ್ತಿದರೆ 2.62 ನಿಮಗೆ ಬೇಕಾದ ಅಂಕಿಯನ್ನೇ ತೋರಿಸುತ್ತದೆ.

ಗುಣಮಟ್ಟದಲ್ಲಿ ಡಬ್ಬಿಯಿಂದ ಡಬ್ಬಿಗೆ ನಿಜವಾದ ವ್ಯತ್ಯಾಸ ಎರಡು ಕಡೆ. ಒಂದು, ಅಚ್ಚಿನ ಗೆರೆ. ಅಲ್ಲಿ ಉಗುರಿಗೆ ಸಿಗುವಂಥ ರಬ್ಬರ್ ಎಳೆ ಉಳಿದಿದ್ದರೆ ಗಾಳಿಯ ಕೆಲಸಕ್ಕೆ ಆ ರಿಂಗ್ ಬೇಡ. ಇನ್ನೊಂದು ಕಣ್ಣಿಗೆ ಕಾಣದ್ದು, ಚಪ್ಪಟೆಯಾಗುವ ಗುಣ. ಪರೀಕ್ಷೆ ಸುಲಭ: 2.62ರ ರಿಂಗನ್ನು ಎರಡು ಸಪಾಟು ಉಕ್ಕಿನ ಫಲಕಗಳ ನಡುವೆ 1.97 ಮಿ.ಮೀ. ಸ್ಪೇಸರ್ ಇಟ್ಟು ಬಿಗಿದು, 100 ಡಿಗ್ರಿ ಓವನ್ನಿನಲ್ಲಿ 70 ಗಂಟೆ ಇಡಿ. ಬಿಚ್ಚಿ ಅರ್ಧ ಗಂಟೆ ಬಿಟ್ಟು ಅಳೆಯಿರಿ. 2.40ಕ್ಕೆ ಮರಳಿದರೆ, ಅಮುಕಿದ 0.65ರಲ್ಲಿ 0.22 ಹೋಯಿತು, ಅಂದರೆ ಶೇ. 34. 2.2ಕ್ಕಿಂತ ಮೇಲೇಳದ ರಿಂಗಿನ ಡಬ್ಬಿ ಪ್ರೋಟೋಟೈಪ್ ಜೋಡಿಸಿ ನೋಡಲು ಮಾತ್ರ. ಅಗ್ಗದ ಡಬ್ಬಿಗಳ ಮೇಲೆ ತಯಾರಾದ ತಿಂಗಳೂ ಇರುವುದಿಲ್ಲ. ಸಂಗ್ರಹದ ಮಾನದಂಡವಾದ ಐಎಸ್ಒ 2230ರಲ್ಲಿ ನೈಟ್ರೈಲ್‌ಗೆ ಮೊದಲ ಅವಧಿ 7 ವರ್ಷ, ಅದೂ ಬೆಳಕು ಮತ್ತು ಓಝೋನ್ ತಾಗದ ಕಡೆ. ವೆಲ್ಡಿಂಗ್ ಸೆಟ್ಟಿನ ಪಕ್ಕ ಮುಚ್ಚಳ ತೆರೆದಿಟ್ಟ ಡಬ್ಬಿಗೆ ಆ ಲೆಕ್ಕ ಅನ್ವಯಿಸದು.

ಒತ್ತಡದ ವಿಷಯದಲ್ಲಿ ಮುಚ್ಚಳದ ಪಟ್ಟಿ ಮೌನ. 70 ಶೋರ್ ರಿಂಗಿಗೆ ಸುಮಾರು 100 ಬಾರ್ ಮೇಲೆ ಹಿಂಬದಿಯಲ್ಲಿ ಪಿಟಿಎಫ್‌ಇ (ಟೆಫ್ಲಾನ್) ಬ್ಯಾಕಪ್ ರಿಂಗ್, ಅಂದರೆ ರಬ್ಬರ್ ಸಂದಿಗೆ ನುಗ್ಗದಂತೆ ತಡೆಯುವ ಗಟ್ಟಿ ಉಂಗುರ ಬೇಕು, ಇಲ್ಲವೇ 90 ಶೋರ್‌ಗೆ ಹೋಗಬೇಕು. ಕ್ಲಿಯರೆನ್ಸ್ ಸಡಿಲವಾಗಿದ್ದರೆ ಇನ್ನೂ ಮೊದಲೇ. ಬಿಚ್ಚಿದ ರಿಂಗಿನ ಒಂದೇ ಬದಿ, ಒತ್ತಡ ಕಡಿಮೆ ಇರುವ ಕಡೆ, ಇಲಿ ಕಡಿದಂತಿದ್ದರೆ ಕಾರಣ ಇದೇ. ಮತ್ತೊಂದು ಹೊಸ ರಿಂಗ್ ಹಾಕಿ ಪ್ರಯೋಜನವಿಲ್ಲ. ಬ್ಯಾಕಪ್ ಸೇರಿಸಿದರೆ ಗ್ರೂವ್ ಅಗಲವನ್ನೂ ಹೆಚ್ಚಿಸಬೇಕು ಎಂಬುದು ಹಲವರಿಗೆ ಲೇತಿನಿಂದ ಭಾಗ ಇಳಿಸಿದ ಮೇಲೆ ನೆನಪಾಗುತ್ತದೆ. ಅಡ್ಡಕ್ಕೆ ನೇರವಾಗಿ ಒಂದೇ ಕಡೆ ಸೀಳಿದ್ದರೆ ಅದು ಜೋಡಿಸುವಾಗಿನ ಗಾಯ: ಒಳಹೋಗುವ ಬಾಯಿಗೆ 15ರಿಂದ 20 ಡಿಗ್ರಿ ಚೇಂಫರ್ (ಇಳಿಜಾರು ಅಂಚು) ಇಲ್ಲ, ಅಥವಾ ದಾರಿಯಲ್ಲಿ ಸಿಗುವ ಅಡ್ಡರಂಧ್ರದ ಅಂಚಿನ ಚೂಪು ತೆಗೆದಿಲ್ಲ.

ಚಲಿಸುವ ರಾಡಿಗೆ ಇದೇ ರಿಂಗ್ ಹಾಕುವುದಾದರೆ ಅಮುಕು ಕಡಿಮೆಯಾಗಬೇಕು. 2.62ಕ್ಕೆ ಆಳ 2.25 ಹತ್ತಿರ, ರಾಡಿನ ಮೈಯ ಸರಾಸರಿ ಒರಟುತನ (ಆರ್‌ಎ) 0.4 ಮೈಕ್ರಾನ್ ಒಳಗೆ. ಉದ್ದ ಸ್ಟ್ರೋಕಿನಲ್ಲಿ ರಿಂಗ್ ಹಗ್ಗದಂತೆ ತಿರುಚಿಕೊಳ್ಳುತ್ತದೆ. ಅಲ್ಲಿ ಯು-ಕಪ್ (ಯು ಆಕಾರದ ಸೀಲ್) ಹಾಕುವುದೇ ಸರಿ.

ಮುಚ್ಚಳದ ಮುಖಕ್ಕೆ ಕೂರುವ ರಿಂಗಿನಲ್ಲಿ ಒಂದು ಸೂಕ್ಷ್ಮವಿದೆ. ಒತ್ತಡ ಒಳಗಿನಿಂದ ಬರುವುದಾದರೆ ರಿಂಗಿನ ಹೊರವ್ಯಾಸ ಗ್ರೂವಿನ ಹೊರಗೋಡೆಗೆ ತಾಗಿರಲಿ, ನಿರ್ವಾತವಾದರೆ ಒಳಗೋಡೆಗೆ. ತಿರುಗುಮುರುಗಾದರೆ ಒತ್ತಡದ ಪ್ರತಿ ಏರಿಳಿತಕ್ಕೂ ರಿಂಗ್ ಹಿಂದೆಮುಂದೆ ಸರಿದು ಸವೆಯುತ್ತದೆ.

ಡಬ್ಬಿ ಬಿಡಿಸಲಾರದ ತೊಂದರೆಗಳೂ ಇವೆ. ಸಮಾನಾಂತರ ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಫಿಟ್ಟಿಂಗಿನ ಭುಜದ ಕೆಳಗೆ ಬರಿ ಓ-ರಿಂಗ್ ತುರುಕಿದರೆ ಹಿಡಿಯುವ ಗೋಡೆಯಿಲ್ಲದೆ ಹೊರಗೆ ಹಿಂಡಿಬರುತ್ತದೆ. ಅಲ್ಲಿಗೆ ಲೋಹದ ಉಂಗುರವಿರುವ ಬಾಂಡೆಡ್ ವಾಷರ್ ಬೇಕು. ಅರ್ಧ ಇಂಚಿನ ಬಿಎಸ್‌ಪಿ ಮತ್ತು ಎನ್‌ಪಿಟಿ (ಅಮೆರಿಕನ್ ಪೈಪ್ ಥ್ರೆಡ್) ಎರಡಕ್ಕೂ ಇಂಚಿಗೆ 14 ಥ್ರೆಡ್. ಕೆಲವು ಸುತ್ತು ಹಿತವಾಗಿ ಹೋಗುತ್ತದೆ, ಆದರೆ ಒಂದರ ಕೋನ 55 ಡಿಗ್ರಿ, ಇನ್ನೊಂದರದು 60. ಆ ಸೋರಿಕೆಗೆ ರಿಂಗೂ ಮದ್ದಲ್ಲ, ಟೆಫ್ಲಾನ್ ಟೇಪೂ ಮದ್ದಲ್ಲ. ಗ್ಲೈಕಾಲ್ ಬ್ರೇಕ್ ಆಯಿಲ್ ಇದ್ದರೆ ಇಪಿಡಿಎಂ ಎಂಬ ಬೇರೆ ರಬ್ಬರಿನ ರಿಂಗ್ ತನ್ನಿ. ಅದನ್ನು ಕಪ್ಪು ನೈಟ್ರೈಲ್ ಜತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಏಕೆಂದರೆ ಬಣ್ಣದಲ್ಲಿ ವ್ಯತ್ಯಾಸವಿಲ್ಲ, ಮತ್ತು ಖನಿಜ ತೈಲದಲ್ಲಿ ಇಪಿಡಿಎಂ ಉಬ್ಬಿ ಕೆಡುತ್ತದೆ. ಸಾಮಾನ್ಯ ಪೆಟ್ರೋಲಿಯಂ ಗ್ರೀಸ್ ಸವರಿದರೂ ಅದೇ ಗತಿ. ಇಪಿಡಿಎಂಗೆ ಸಿಲಿಕೋನ್ ಗ್ರೀಸ್ ಹಚ್ಚಿ.