ಬಿಗ್ ಎಂಡಿಯನ್ ಮಿಪ್ಸ್: ಬೈಟ್‌ಗಳನ್ನು ಎಲ್ಲಿ ತಿರುಗಿಸಬೇಕು?

ನಾನು ಬರೆದ ಮಿಪ್ಸ್ ಎಮ್ಯುಲೇಟರ್ (ಮಿಪ್ಸ್ ಪ್ರೊಸೆಸರ್‌ನಂತೆ ನಟಿಸುವ ಪ್ರೋಗ್ರಾಂ) ಇಷ್ಟು ದಿನ ಲಿಟಲ್ ಎಂಡಿಯನ್, ಅಂದರೆ ಸಂಖ್ಯೆಯ ಅತಿ ಚಿಕ್ಕ ಸ್ಥಾನದ ಬೈಟನ್ನು ಮೊದಲು ಇಡುವ, ಪ್ರೋಗ್ರಾಂಗಳನ್ನು ಮಾತ್ರ ಓಡಿಸುತ್ತಿತ್ತು. ಅದು ಕೂತಿರುವ ಎಕ್ಸ್86 ಕಂಪ್ಯೂಟರ್ ಕೂಡ ಲಿಟಲ್ ಎಂಡಿಯನ್ನೇ. ಹಾಗಾಗಿ ಬೈಟ್‌ಗಳ ಕ್ರಮದ ಬಗ್ಗೆ ತಲೆ ಕೆಡಿಸಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಅತಿ ದೊಡ್ಡ ಸ್ಥಾನದ ಬೈಟ್ ಮೊದಲು ಬರುವ ಬಿಗ್ ಎಂಡಿಯನ್ ಸೇರಿಸಲು ಹೊರಟಾಗ ಎರಡು ದಾರಿ ಕಂಡವು. ಎರಡನ್ನೂ ಪೂರ್ತಿ ಬರೆದು ನೋಡಿದೆ.

ಮೊದಲು ಕೈ ಹಾಕಿದ್ದು ಎಕ್ಸಾರ್ ದಾರಿಗೆ (ಎಕ್ಸಾರ್ ಅಂದರೆ ಎರಡು ಸಂಖ್ಯೆಗಳ ಬಿಟ್‌ಗಳನ್ನು ಹೋಲಿಸಿ, ಬೇರೆ ಇದ್ದಲ್ಲಿ 1 ಕೊಡುವ ಲೆಕ್ಕ). ಇದರಲ್ಲಿ ಪ್ರತಿ 32 ಬಿಟ್ ವರ್ಡ್ (ನಾಲ್ಕು ಬೈಟ್) ಹೋಸ್ಟ್‌ನ, ಅಂದರೆ ಎಮ್ಯುಲೇಟರ್ ಕೂತಿರುವ ಕಂಪ್ಯೂಟರ್‌ನ ಕ್ರಮದಲ್ಲೇ ಮೆಮೊರಿಯಲ್ಲಿ ಇರುತ್ತದೆ. ವರ್ಡ್ ಓದುವಾಗ ಏನೂ ಮಾಡಬೇಕಿಲ್ಲ. ಒಂದೇ ಬೈಟ್ ಬೇಕಿದ್ದರೆ ವಿಳಾಸವನ್ನು 3ರ ಜೊತೆ ಎಕ್ಸಾರ್ ಮಾಡಬೇಕು, ಅರ್ಧ ವರ್ಡ್ ಆದರೆ 2ರ ಜೊತೆ. ಎಷ್ಟು ಚೆಂದ ಅಲ್ವಾ? ಒಂದೇ ಸಂಜೆಯಲ್ಲಿ ಪ್ರೊಸೆಸರ್ ಟೆಸ್ಟ್‌ಗಳೆಲ್ಲ ಪಾಸಾದವು.

ಮೆಮೊರಿ ಡಂಪ್‌ನಲ್ಲಿ ‘ಹೆಲೋ’ ಪದದ ಇಂಗ್ಲಿಷ್ ಅಕ್ಷರಗಳು ನಾಲ್ಕು ನಾಲ್ಕಾಗಿ ಹಿಂದುಮುಂದಾಗಿ ಕಾಣಿಸುತ್ತಿದ್ದವು. ಅದನ್ನು ಸಹಿಸಿಕೊಂಡೆ. ನಿಜವಾದ ಪೆಟ್ಟು ಬಿದ್ದದ್ದು ನೆಟ್‌ವರ್ಕ್ ಕಾರ್ಡ್ ಸೇರಿಸಿದಾಗ. ಉದ್ದ 4ರಿಂದ ಭಾಗವಾಗುವ ಪ್ಯಾಕೆಟ್‌ಗಳು ಸರಿಯಾಗಿ ಬರುತ್ತಿದ್ದವು, ಉಳಿದವುಗಳಲ್ಲಿ ಚೆಕ್‌ಸಮ್ (ಡೇಟಾ ಕೆಟ್ಟಿಲ್ಲವೇ ಅಂತ ನೋಡುವ ಮೊತ್ತ) ತಪ್ಪು. 61 ಬೈಟ್‌ನ ಪ್ಯಾಕೆಟ್ ಒಂದನ್ನು ಹಿಡಿದು ಕೂತೆ. ಡಿಎಂಎ ಕೋಡ್ (ಸಾಧನದ ಡೇಟಾವನ್ನು ನೇರ ಮೆಮೊರಿಗೆ ಹಾಕುವ ಭಾಗ) ಮೊದಲ 15 ವರ್ಡ್‌ಗಳನ್ನು ತಿರುಗಿಸಿ ಇಟ್ಟಿತ್ತು, ಉಳಿದ ಒಂದು ಬೈಟನ್ನು ಹಾಗೇ 60ನೇ ಜಾಗಕ್ಕೆ ಹಾಕಿತ್ತು. ಗೆಸ್ಟ್ (ಎಮ್ಯುಲೇಟರ್ ಒಳಗೆ ಓಡುವ ಮಿಪ್ಸ್ ಪ್ರೋಗ್ರಾಂ) 60 ಅಂತ ಕೇಳಿದರೆ ಎಕ್ಸಾರ್ ಆಗಿ ಸಿಗುವುದು 63. ಅಲ್ಲಿದ್ದದ್ದು ಹಳೇ ಕಸ. ತಪ್ಪು ಪ್ರೊಸೆಸರ್‌ನದ್ದಲ್ಲ, ಆದರೆ ಪ್ರೊಸೆಸರ್‌ಗಾಗಿ ಮಾಡಿದ ಗುಟ್ಟನ್ನು ಈಗ ಪ್ರತಿ ಸಾಧನವೂ ನೆನಪಿಟ್ಟುಕೊಳ್ಳಬೇಕು. ನನಗೆ ಇಷ್ಟವಾಗದ್ದು ಅದೇ.

ಎರಡನೇ ದಾರಿ ಬೈಟ್ ಸ್ವಾಪ್. ಮೆಮೊರಿ ಗೆಸ್ಟ್‌ನ ಕ್ರಮದಲ್ಲೇ ಇರುತ್ತದೆ: 12 34 56 78 ಅಂತ ಬರೆದರೆ ಹಾಗೇ ಕೂರುತ್ತದೆ. ಲೋಡ್, ಸ್ಟೋರ್ ಮಾಡುವ ಜಾಗದಲ್ಲಿ ಮಾತ್ರ ತಿರುಗಿಸುವುದು. ಡಿಎಂಎ ಅಂದರೆ ಸುಮ್ನೆ ಕಾಪಿ, 61 ಆಗಲಿ 64 ಆಗಲಿ. ನಿಧಾನವಾಗಬಹುದು ಅನ್ನೋ ಭಯ ಇತ್ತು. ಆದರೆ ಎಕ್ಸ್86ನಲ್ಲಿ 486 ಕಾಲದಿಂದಲೂ ಇದಕ್ಕೆಂದೇ ಬಿಸ್ವಾಪ್ ಅನ್ನೋ ಒಂದು ಇನ್‌ಸ್ಟ್ರಕ್ಷನ್ ಇದೆ. ಹ್ಯಾಸ್ವೆಲ್ ಮತ್ತು ಆಮೇಲಿನ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಓದುವುದು, ತಿರುಗಿಸುವುದು ಎರಡನ್ನೂ ಒಟ್ಟಿಗೆ ಮಾಡುವ ಮೂವ್‌ಬಿಇ ಕೂಡ ಸಿಗುತ್ತದೆ. ಗೆಸ್ಟ್ ಇನ್‌ಸ್ಟ್ರಕ್ಷನ್‌ಗಳನ್ನು ಡಿಕೋಡ್ ಮಾಡಿ ಕ್ಯಾಶ್‌ನಲ್ಲಿ ಇಡುವುದರಿಂದ ಅಲ್ಲಿ ಒಂದೇ ಸಲ ತಿರುಗಿಸಿದರೆ ಸಾಕು. ಲಿನಕ್ಸ್ ಬೂಟ್ ಆಗುವಾಗ ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ.

ಇಲ್ಲೂ ಒಂದು ಕಡೆ ಎಡವಿದೆ. ಸಾಧನಗಳ ರಿಜಿಸ್ಟರ್‌ಗಳಿಗೆ ಬರೆಯುವ ಸಂಖ್ಯೆ ತಿರುಗದೆ ಸಂಖ್ಯೆಯಾಗಿಯೇ ಹೋಗಬೇಕು. ನಾನು ಅಲ್ಲೂ ತಿರುಗಿಸಿದ್ದೆ, ಟೈಮರ್‌ಗೆ 1 ಅಂತ ಬರೆದರೆ 16777216 ತಲುಪುತ್ತಿತ್ತು.

ಹೊಂದಿಕೆಯಿಲ್ಲದ (4ರಿಂದ ಭಾಗವಾಗದ) ವಿಳಾಸದಿಂದ ವರ್ಡನ್ನು ಎರಡು ತುಂಡಾಗಿ ಓದುವ ಎಲ್‌ಡಬ್ಲ್ಯೂಎಲ್, ಎಲ್‌ಡಬ್ಲ್ಯೂಆರ್ ಇನ್‌ಸ್ಟ್ರಕ್ಷನ್‌ಗಳ ಕೆಲಸ ಎರಡೂ ದಾರಿಯಲ್ಲಿ ಅಷ್ಟೇ. ಬಿಗ್ ಎಂಡಿಯನ್‌ನಲ್ಲಿ ಅವು ಬೈಟ್ ಆರಿಸುವ ದಿಕ್ಕೇ ಬದಲಾಗುತ್ತದೆ, ಹೊಸದಾಗಿ ಬರೆಯಲೇಬೇಕು.

ನಿಂಟೆಂಡೊ 64 ತರಹದ ಒಂದೇ ಯಂತ್ರಕ್ಕೆ, ಸಾಧನಗಳ ಪಟ್ಟಿ ಎಂದೂ ಬೆಳೆಯದ ಕಡೆ, ಎಕ್ಸಾರ್ ಒಳ್ಳೆಯ ಆಯ್ಕೆಯೇ. ಮೊಟೊರೋಲಾ 68020 ತರಹ ಹೊಂದಿಕೆಯಿಲ್ಲದ ವಿಳಾಸದಿಂದಲೂ ವರ್ಡ್ ಓದಲು ಬಿಡುವ ಪ್ರೊಸೆಸರ್ ಆದರೆ ಬೇಡವೇ ಬೇಡ, ಎರಡು ವರ್ಡ್‌ಗಳ ನಡುವೆ ಬಿದ್ದ ಬೈಟ್‌ಗಳನ್ನು ಹೆಕ್ಕಿ ಜೋಡಿಸಬೇಕಾಗುತ್ತದೆ. ನನ್ನದರಲ್ಲಿ ಸಾಧನಗಳು ಇನ್ನೂ ಜಾಸ್ತಿಯಾಗಲಿವೆ. ಬೈಟ್ ಸ್ವಾಪ್ ಉಳಿಸಿಕೊಂಡೆ. ಎಕ್ಸಾರ್ ಕೋಡ್ ಅಳಿಸಿಬಿಟ್ಟೆ, ಆ 61 ಬೈಟ್‌ನ ಟೆಸ್ಟ್ ಮಾತ್ರ ಈಗಲೂ ಇದೆ.