ನಾಲ್ಕು ವರ್ಷ ಬಳಸಿದ ಸಿಂಥಸೈಸರ್ ಮತ್ತು ಮಾತು ಕೇಳದ ಒಂದು ನಾಬ್

ಬಾಗಲಕೋಟೆಯ ನವನಗರದಲ್ಲಿ ವಾಸವಾಗಿರುವ ನಾನು ಇಪ್ಪತ್ತು ವರ್ಷಗಳಿಂದ ಭಜನೆಗೂ ಊರ ನಾಟಕಗಳಿಗೂ ಪೇಟಿ (ಹಾರ್ಮೋನಿಯಂ) ನುಡಿಸುತ್ತ ಬಂದವನು. ಎರಡು ಹಂಗಾಮಿನ ನಾಟಕಗಳ ಸಂಭಾವನೆಯನ್ನು ಕೂಡಿಟ್ಟು, ನಾಲ್ಕು ವರ್ಷಗಳ ಹಿಂದೆ 38,000 ರೂಪಾಯಿಗೆ 61 ಕೀಗಳ ಈ ಸಿಂಥಸೈಸರನ್ನು ಕೊಂಡೆ. ಇದರಲ್ಲಿ ಎಷ್ಟು ಟೋನ್‌ಗಳು, ಅಂದರೆ ಬೇರೆ ಬೇರೆ ವಾದ್ಯಗಳ ಧ್ವನಿಗಳು, ಇವೆ ಎಂಬುದು ಡಬ್ಬಿಯ ಮೇಲೆಯೇ ಅಚ್ಚಾಗಿದೆ. ಬಲಗೈ ಸ್ವರದ ಮೇಲಿರುವಾಗ ಎಡಗೈ ಹೋಗಿ ಮುಟ್ಟುವ ನಾಬ್ ಮತ್ತು ವೀಲ್‌ಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನನ್ನ ಮಾನ ಹೋದದ್ದು ಅಲ್ಲಿಯೇ.

ಕೊಂಡ ವರ್ಷವೇ ಒಂದು ಹಳ್ಳಿಯ ನಾಟಕದಲ್ಲಿ, ಮಗನ ಹೆಣದ ಮುಂದೆ ಕುಳಿತು ತಾಯಿ ಅಳುವ ದೃಶ್ಯವಿತ್ತು. ಅದರ ಹಿಂದಿನ ಹೊಡೆದಾಟದ ದೃಶ್ಯಕ್ಕೆ ತುತ್ತೂರಿಯ ಟೋನ್ ಹಾಕಿ, ಧ್ವನಿಯ ಹೊಳಪನ್ನು ಏರಿಸಿ ಇಳಿಸುವ ಕಟ್‌ಆಫ್ ನಾಬನ್ನು ಕೊನೆಯವರೆಗೂ ತಿರುಗಿಸಿದ್ದೆ. ಅಳುವ ದೃಶ್ಯಕ್ಕೆ ಮೊದಲೇ ಉಳಿಸಿಟ್ಟಿದ್ದ ಮೆತ್ತನೆಯ ಪಿಟೀಲು ಟೋನನ್ನು ಒತ್ತಿದೆ; ಅದು ಸರಿಯಾಗಿಯೇ ಬಂತು. ಇನ್ನೂ ಒಂದು ಎಳೆ ಮಂಕಾಗಲೆಂದು ನಾಬನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದ್ದೇ ತಡ, ಪಿಟೀಲು ಒಮ್ಮೆಲೇ ಚೀರಿತು. ಮುಂದಿನ ಸಾಲಿನ ಹುಡುಗರು ಕೇಕೆ ಹಾಕಿದರು. ತಾಯಿಯ ಪಾತ್ರ ಮಾಡಿದ್ದಾಕೆ ಬಣ್ಣ ತೊಳೆಯುವ ಮೊದಲೇ ನನ್ನ ಬಳಿ ಬಂದು, “ಮಾಸ್ತರ, ನಾ ಅಳೂ ಹೊತ್ತಿನ್ಯಾಗ ನಿಮ್ಮ ಪೇಟಿ ಯಾಕ ಚೀರಿತ್ರಿ?” ಎಂದು ಕೇಳಿದರು. ಉತ್ತರ ನನಗೂ ಗೊತ್ತಿರಲಿಲ್ಲ.

ಉತ್ತರ ಇಷ್ಟೇ. ನಾಬಿನ ಅಂಕಿ 0ಯಿಂದ 127ರವರೆಗೆ ಇರುತ್ತದೆ. ಪಿಟೀಲು ಟೋನಿನಲ್ಲಿ ಕಟ್‌ಆಫ್ 40 ಎಂದು ಉಳಿದಿತ್ತು, ಆದರೆ ನಾಬು ತುತ್ತೂರಿಯ ಕಾಲದ 127ರಲ್ಲೇ ನಿಂತಿತ್ತು. ಮುಟ್ಟದಿರುವವರೆಗೆ ಯಂತ್ರ ತನ್ನ ನೆನಪನ್ನು ನಂಬುತ್ತದೆ. ಮುಟ್ಟಿದ ಕ್ಷಣದಿಂದ ನಾಬನ್ನು ನಂಬಿ ನೇರವಾಗಿ 126ಕ್ಕೆ ಹಾರುತ್ತದೆ. 1970ರ ಮಿನಿಮೂಗ್ ಎಂಬ ಸಿಂಥಸೈಸರಿನಲ್ಲಿ ನೆನಪೇ ಇರಲಿಲ್ಲವಾದ್ದರಿಂದ ಈ ತಕರಾರೂ ಇರಲಿಲ್ಲ. ನಾಬು ಎಲ್ಲಿದೆಯೋ ಧ್ವನಿಯೂ ಅಲ್ಲೇ. 1978ರ ಪ್ರಾಫೆಟ್-5 ಮಾಡಿಟ್ಟ ಧ್ವನಿಗಳನ್ನು ಉಳಿಸಿಕೊಳ್ಳಲು ಕಲಿಯಿತು, ನೆನಪಿಗೂ ನಾಬಿಗೂ ಜಗಳ ಶುರುವಾದದ್ದು ಇಂಥ ವಾದ್ಯಗಳಿಂದಲೇ. ಇದನ್ನು ತಿಳಿದ ಮೇಲೆ ನನ್ನ ಯಂತ್ರದ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧ ಇಳಿಯಲು ಒಂದು ವರ್ಷ ಬೇಕಾಯಿತು. ಮೆನುವಿನ ನಾಲ್ಕನೆಯ ಪುಟದಲ್ಲಿ, ಕನ್ನಡಕವಿಲ್ಲದೆ ಕಾಣದಂಥ ಅಕ್ಷರಗಳಲ್ಲಿ, ‘ಜಂಪ್’ ಬದಲು ‘ಕ್ಯಾಚ್’ ಎಂದು ಆರಿಸುವ ಅವಕಾಶವಿತ್ತು. ಕ್ಯಾಚ್ ಇಟ್ಟರೆ, ಉಳಿಸಿಟ್ಟ ಅಂಕಿಯನ್ನು ದಾಟುವವರೆಗೆ ನಾಬು ಸುಮ್ಮನೆ ತಿರುಗುತ್ತದೆ. ದಾಟಿದ ಕೂಡಲೇ ಧ್ವನಿಯನ್ನು ಹಿಡಿದುಕೊಳ್ಳುತ್ತದೆ. ಬಾವಿಗಿಳಿಸಿದ ಕೊಡ ನೀರು ಮುಟ್ಟಿದ್ದು ಹಗ್ಗ ಹಿಡಿದ ಕೈಗೆ ತಿಳಿಯುವಂತೆ, ಅದು ಹಿಡಿದದ್ದು ಈಗ ನನ್ನ ಕಿವಿಗೆ ತಿಳಿಯುತ್ತದೆ. ಆದರೂ ಕತ್ತಲಲ್ಲಿ ಆ ಜಾಗವನ್ನು ಹುಡುಕುವುದರೊಳಗೆ ತಾಳದ ಒಂದು ಆವರ್ತನ ಕಳೆದುಹೋಗುತ್ತದೆ. ಅದಕ್ಕಾಗಿ ನಾಬಿನ ಸುತ್ತ ಮೂರು ಟೋನ್‌ಗಳಿಗೆ ಮೂರು ಸುಣ್ಣದ ಚುಕ್ಕೆಗಳನ್ನು ಇಟ್ಟುಕೊಂಡಿದ್ದೇನೆ. ಈ ಆಯ್ಕೆಯನ್ನು ಬೇರೆಯಾಗಿ ಉಳಿಸದಿದ್ದರೆ, ಕರೆಂಟು ಹೋಗಿ ಬಂದಾಗ ಅದು ಮತ್ತೆ ಜಂಪ್‌ಗೆ ಮರಳುತ್ತದೆ ಎಂಬುದನ್ನೂ ಕಾರ್ಯಕ್ರಮದ ನಡುವೆಯೇ ಕಲಿತೆ.

ಇಷ್ಟೆಲ್ಲ ದೂರಿದ ಮೇಲೆ, ಸ್ವರವನ್ನು ಏರಿಸಿ ಇಳಿಸುವ ಪಿಚ್ ವೀಲಿನ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ಪೇಟಿಯಲ್ಲಿ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಇಲ್ಲ. ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟದ್ದಕ್ಕೆ ಇದೂ ಒಂದು ಕಾರಣ. ಈ ವೀಲು ಪೂರ್ತಿ ತಳ್ಳಿದರೆ ಸ್ವರ ಎರಡು ಮನೆ (ಕರಿ-ಬಿಳಿ ಎಲ್ಲ ಕೀಗಳನ್ನೂ ಎಣಿಸಿ ಎರಡು ಕೀ) ಏರುತ್ತದೆ, ಬಿಟ್ಟರೆ ಸ್ಪ್ರಿಂಗಿನಿಂದ ತಾನೇ ನಡುವಿಗೆ ಬರುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದು, ಮುಚ್ಚಿದ ಹಳೆಯ ಖಣದ ಬಟ್ಟೆಯನ್ನು ಸರಿಸಿ, ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಒತ್ತಿ ಕಪ್ಪು ಒಂದಕ್ಕೆ (ಮೊದಲ ಕರಿ ಮನೆಗೆ) ಷಡ್ಜ ಇಟ್ಟುಕೊಂಡು, ಹೊತ್ತಲ್ಲದ ಹೊತ್ತಾದರೂ ಮಧ್ಯಾಹ್ನದ ರಾಗವಾದ ಭೀಮಪಲಾಸಿ ನುಡಿಸುತ್ತೇನೆ. ಕೋಮಲ ನಿಷಾದದಿಂದ ಷಡ್ಜಕ್ಕೂ ಕೋಮಲ ಗಾಂಧಾರದಿಂದ ಮಧ್ಯಮಕ್ಕೂ ಅಂತರ ಎರಡೇ ಮನೆ. ಹೆಬ್ಬೆರಳು ವೀಲನ್ನು ಕೊನೆ ಮುಟ್ಟಿಸಿದರೆ ಸಾಕು, ಸ್ವರ ತಪ್ಪುವುದಿಲ್ಲ. ಇಪ್ಪತ್ತು ವರ್ಷ ಗಾಯಕರು ಜಾರುವುದನ್ನು ಕೇಳಿ ಪೇಟಿಯಲ್ಲಿ ಮೆಟ್ಟಿಲು ಹತ್ತುತ್ತಿದ್ದವನಿಗೆ ಅದು ಎಂಥ ಸುಖವೆಂದು ಪೇಟಿಯವರಿಗೇ ಗೊತ್ತು. ಪಕ್ಕದಲ್ಲಿರುವ, ಧ್ವನಿಯನ್ನು ನಡುಗಿಸುವ ಮಾಡ್ಯುಲೇಷನ್ ವೀಲು ಮಾತ್ರ ಬಿಟ್ಟಲ್ಲೇ ನಿಲ್ಲುತ್ತದೆ. ಇಳಿಸಲು ಮರೆತು ಒಂದು ಇಡೀ ಮಂಗಳಾರತಿಯನ್ನು ನಡುಗಿಸಿದ್ದೇನೆ.

ಮೂರನೆಯ ಬೇಸಿಗೆಯಿಂದ ಧೂಳು ಹೊಕ್ಕು ವಾಲ್ಯೂಮ್ ನಾಬು ಕರಕರ ಎನ್ನುತ್ತಿದೆ; ಹತ್ತು ಸಲ ಅತ್ತಿತ್ತ ತಿರುಗಿಸಿದರೆ ಒಂದು ವಾರ ಸುಮ್ಮನಿರುತ್ತದೆ. ಅಂಗಡಿಯವರು ಹಳೆಯದನ್ನು ಕೊಟ್ಟು, ನಾಬಿನ ಸುತ್ತ ದೀಪಗಳಿರುವ, ಕೊನೆಯಿಲ್ಲದೆ ತಿರುಗುವ ಹೊಸ ಮಾದರಿ ಒಯ್ಯಿರಿ ಎಂದರು. ಅದರ ನಾಬಿಗೆ ನಿಂತ ಜಾಗವೇ ಇಲ್ಲದ್ದರಿಂದ ಚೀರಾಟದ ಭಯವಿಲ್ಲ, ನಿಜ. ಆದರೆ ಅದರ ಪಿಚ್ ವೀಲನ್ನು ತಳ್ಳಿ ನೋಡಿದೆ. ನನ್ನ ಹೆಬ್ಬೆರಳಿಗೆ ತೀರ ಸಡಿಲವೆನಿಸಿತು. ಇನ್ನೂ 22,000 ರೂಪಾಯಿ ಸೇರಿಸಬೇಕೆಂದ ಮೇಲೆ, ಮನೆಗೆ ಬಂದು ಸುಣ್ಣದ ಚುಕ್ಕೆಗಳನ್ನೇ ಹೊಸದಾಗಿ ಇಟ್ಟೆ.