ಶೇರ್ಡ್ ಹೋಸ್ಟಿಂಗ್ ಬಿಟ್ಟು ಕ್ಲೌಡ್‌ಗೆ: ಬರೀ ವಿಎಂ, ಮ್ಯಾನೇಜ್ಡ್ ಸರ್ವರ್, ಪ್ಲಾಟ್‌ಫಾರ್ಮ್ ಮೂರರ ಹೋಲಿಕೆ

ಶೇರ್ಡ್ ಹೋಸ್ಟಿಂಗ್‌ನಲ್ಲಿ (ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ) ಇರುವ ಸೈಟ್‌ನಲ್ಲಿ ಆಗಾಗ 508 ಎರರ್ ಕಾಣಿಸತೊಡಗಿದರೆ ಡಿಸ್ಕ್ ಜಾಗ ತುಂಬಿದೆ ಎಂದಲ್ಲ. ಕ್ಲೌಡ್‌ಲಿನಕ್ಸ್ (ಶೇರ್ಡ್ ಹೋಸ್ಟಿಂಗ್‌ಗೆಂದೇ ಇರುವ ಆಪರೇಟಿಂಗ್ ಸಿಸ್ಟಂ) ಇರುವ ಶೇರ್ಡ್ ಸರ್ವರ್‌ಗಳಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಓದು-ಬರಹ, ಎಂಟ್ರಿ ಪ್ರೊಸೆಸ್ ಹೀಗೆ ಒಂದೊಂದಕ್ಕೂ ಪ್ರತ್ಯೇಕ ಮಿತಿ ಇರುತ್ತದೆ. ಎಂಟ್ರಿ ಪ್ರೊಸೆಸ್ ಮಿತಿ ಎಷ್ಟೋ ಕಡೆ 20. ಅಷ್ಟು ಪಿಎಚ್‌ಪಿ ವಿನಂತಿಗಳು ಓಡುತ್ತಿರುವಾಗಲೇ ಇನ್ನೊಂದು ಬಂದರೆ ಅದಕ್ಕೆ ಸಿಗುವುದು 508. ಯಾವ ಮಿತಿ ಮುಟ್ಟಿದೆ ಎಂಬುದು ಸಿಪ್ಯಾನೆಲ್‌ನ (ಹೋಸ್ಟಿಂಗ್ ನಿಭಾಯಿಸುವ ಪ್ಯಾನೆಲ್) ರಿಸೋರ್ಸ್ ಯೂಸೇಜ್ ಪುಟದಲ್ಲಿ ಸಿಗುತ್ತದೆ. ಎಂಟ್ರಿ ಪ್ರೊಸೆಸ್ ಮಾತ್ರ ತುಂಬಿ ಸಿಪಿಯು ಅರ್ಧಕ್ಕೂ ಏರಿಲ್ಲವಾದರೆ, ಯಾವುದೋ ಪ್ಲಗಿನ್ ಹೊರಗಿನ ಎಪಿಐ ಉತ್ತರಕ್ಕಾಗಿ ಕಾಯುತ್ತ ನಿಂತಿರಬಹುದು. ಅದು ಕ್ಲೌಡ್‌ಗೆ ಹೋದರೂ ಗಂಟುಮೂಟೆಯ ಜೊತೆಗೇ ಬರುತ್ತದೆ, ಮೊದಲು ಅದನ್ನು ಸರಿಮಾಡಿ.

ಇಲ್ಲಿ ಹೋಲಿಸಿರುವುದು ಮೂರು ದಾರಿ: ನಾವೇ ಎಲ್ಲವನ್ನೂ ಹಾಕಿಕೊಳ್ಳುವ ಬರೀ ವಿಎಂ, ಅಂದರೆ ಬಾಡಿಗೆಯ ವರ್ಚುವಲ್ ಯಂತ್ರ (ಅಮೆಜಾನ್‌ನ ಇಸಿ2, ಲೈಟ್‌ಸೇಲ್, ಡಿಜಿಟಲ್ ಓಷನ್‌ನ ಡ್ರಾಪ್ಲೆಟ್ ಥರದ್ದು), ಅದೇ ವಿಎಂ ಮೇಲೆ ಇನ್ನೊಬ್ಬರು ಪ್ಯಾನೆಲ್ ಕೂರಿಸಿ ಕೊಡುವ ಮ್ಯಾನೇಜ್ಡ್ ಸರ್ವರ್ (ಕ್ಲೌಡ್‌ವೇಸ್ ಥರದ್ದು), ಮತ್ತು ಕೋಡ್ ಮಾತ್ರ ಕಳಿಸಿದರೆ ಉಳಿದದ್ದನ್ನು ತಾನೇ ನೋಡಿಕೊಳ್ಳುವ ಪ್ಲಾಟ್‌ಫಾರ್ಮ್ (ಹೆರೋಕು, ಡಿಜಿಟಲ್ ಓಷನ್‌ನ ಆ್ಯಪ್ ಪ್ಲಾಟ್‌ಫಾರ್ಮ್). ಸಾಗಿಸಿದ ಸರಕು ಮೂರಕ್ಕೂ ಒಂದೇ: ಚಿತ್ರಗಳು ಹೆಚ್ಚಿರುವ ಒಂದು ವರ್ಡ್‌ಪ್ರೆಸ್ ಸೈಟ್, ಅದರ ಮೈಎಸ್‌ಕ್ಯೂಎಲ್ ಡೇಟಾಬೇಸ್, ಅದೇ ಡೊಮೈನ್‌ನ ನಾಲ್ಕಾರು ಇಮೇಲ್ ಖಾತೆ. ವೇಗದಲ್ಲಿ ಮೂರಕ್ಕೂ ಇರುವ ಅಂತರವನ್ನು ಕ್ಯಾಶ್ (ತಯಾರಾದ ಪುಟದ ನಕಲು ಇಟ್ಟುಕೊಳ್ಳುವ ವ್ಯವಸ್ಥೆ) ಹಾಕಿ ಬಹುಮಟ್ಟಿಗೆ ಮುಚ್ಚಬಹುದು. ಮುಚ್ಚಲಾಗದ ಅಂತರ ಬೇರೆ ಕಡೆ ಇದೆ. ಶೇರ್ಡ್ ಹೋಸ್ಟಿಂಗ್ ಕಂಪನಿ ಇಷ್ಟು ದಿನ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳಲ್ಲಿ ಯಾವುವು ನಿಮ್ಮ ತಲೆಗೆ ಬರುತ್ತವೆ ಎಂಬುದೇ ಆ ಅಂತರ.

ಬರೀ ವಿಎಂ

ಎಲ್ಲ ಕೆಲಸವೂ ತಲೆಗೆ ಬರುವುದು ಇಲ್ಲಿ. ಹೆಚ್ಚಿನವರು 1 ಜಿಬಿ ರ‍್ಯಾಮ್‌ನ ಯಂತ್ರದಿಂದ ಶುರುಮಾಡುತ್ತಾರೆ, ಎರಡನೇ ವಾರಕ್ಕೆ “ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ” ಎಂಬ ಪುಟ ನೋಡುತ್ತಾರೆ. ಲೆಕ್ಕ ಸರಳ. ಆಪರೇಟಿಂಗ್ ಸಿಸ್ಟಂ ಮತ್ತು ಸಣ್ಣಪುಟ್ಟ ಸೇವೆಗಳು ಸುಮಾರು 200 ಎಂಬಿ ತಿನ್ನುತ್ತವೆ. ಡೇಟಾಬೇಸ್ ತನ್ನ ಡೇಟಾ ಇಟ್ಟುಕೊಳ್ಳುವ ಮೆಮೊರಿಯಾದ ಇನ್ನೊಡಿಬಿ ಬಫರ್ ಪೂಲ್ ಡಿಫಾಲ್ಟ್ 128 ಎಂಬಿ ಇದ್ದರೂ ಡೇಟಾಬೇಸ್ ಒಟ್ಟಾರೆ 250-400 ಎಂಬಿ ಹಿಡಿಯುತ್ತದೆ. ಉಳಿದದ್ದು 400-500 ಎಂಬಿ. ಪ್ಲಗಿನ್ ತುಂಬಿದ ವರ್ಡ್‌ಪ್ರೆಸ್‌ನ ಒಂದು ಪಿಎಚ್‌ಪಿ ಪ್ರೊಸೆಸ್‌ಗೆ 60-80 ಎಂಬಿ ಬೇಕು. ಅಂದಮೇಲೆ ಎಫ್‌ಪಿಎಂನ (ಪಿಎಚ್‌ಪಿ ಪ್ರೊಸೆಸ್‌ಗಳನ್ನು ನಡೆಸುವ ಸೇವೆ) ಮ್ಯಾಕ್ಸ್ ಚಿಲ್ಡ್ರನ್, ಅಂದರೆ ಒಟ್ಟಿಗೆ ಓಡಬಹುದಾದ ಪ್ರೊಸೆಸ್‌ಗಳ ಸಂಖ್ಯೆ, 5 ಅಥವಾ 6 ದಾಟಬಾರದು. ಎಲ್ಲೋ ನೋಡಿ 50 ಎಂದು ಹಾಕಿದರೆ ಬಾಟ್‌ಗಳ ದಂಡು ಬಂದ ದಿನ ಮೆಮೊರಿ ಮುಗಿಯುತ್ತದೆ. ಕರ್ನಲ್ ಅತಿ ಹೆಚ್ಚು ಮೆಮೊರಿ ಹಿಡಿದಿರುವ ಪ್ರೊಸೆಸ್ಸನ್ನು ಹುಡುಕಿ ಕೊಲ್ಲುತ್ತದೆ, ಅದು ಬಹುತೇಕ ಡೇಟಾಬೇಸೇ ಆಗಿರುತ್ತದೆ. ಕರ್ನಲ್ ಲಾಗ್‌ನಲ್ಲಿ “ಔಟ್ ಆಫ್ ಮೆಮೊರಿ” ಸಾಲು ಇದ್ದರೆ ಇದೇ ಕಾರಣ. 1-2 ಜಿಬಿ ಸ್ವಾಪ್ ಫೈಲ್ (ಮೆಮೊರಿ ತುಂಬಿದಾಗ ಬಳಕೆಯಾಗುವ ಡಿಸ್ಕ್ ಜಾಗ) ಮೊದಲ ದಿನವೇ ಹಾಕಿ. ಅದು ವೇಗ ಕೊಡುವುದಿಲ್ಲ, ಸಾವನ್ನು ಮುಂದೂಡುತ್ತದೆ ಅಷ್ಟೆ.

ತದ್ವಿರುದ್ಧ ತಪ್ಪೂ ಉಂಟು. ಡೆಬಿಯನ್, ಉಬುಂಟುಗಳಲ್ಲಿ ಈ ಮ್ಯಾಕ್ಸ್ ಚಿಲ್ಡ್ರನ್ ಸಂಖ್ಯೆ ಡಿಫಾಲ್ಟ್ ಆಗಿ 5. ಯಂತ್ರವನ್ನು 4 ಜಿಬಿಗೆ ಏರಿಸಿಯೂ ಇದನ್ನು ಮುಟ್ಟದಿದ್ದರೆ ಸೈಟ್ ಮೊದಲಿನಷ್ಟೇ ನಿಧಾನ, ರ‍್ಯಾಮ್ ಮುಕ್ಕಾಲು ಪಾಲು ಖಾಲಿ. ಮಿತಿ ಮುಟ್ಟಿದೆ ಎಂದು ಎಫ್‌ಪಿಎಂ ಲಾಗ್ ನೇರವಾಗಿಯೇ ಹೇಳುತ್ತಿರುತ್ತದೆ, ಓದುವವರು ಬೇಕು.

ವೆಬ್ ಸರ್ವರ್ ಆಗಿ ಅಪಾಚೆ ಬಿಟ್ಟು ಎಂಜಿನ್‌ಎಕ್ಸ್ ಹಾಕಿದರೆ ಅಪಾಚೆಯ ನಿಯಮಗಳಿರುವ ಡಾಟ್ ಎಚ್‌ಟಿಆ್ಯಕ್ಸೆಸ್ ಫೈಲ್ ಸತ್ತಂತೆ. ಮುಖಪುಟ ತೆರೆಯುತ್ತದೆ, ಒಳಪುಟಗಳೆಲ್ಲ 404. ಎಂಜಿನ್‌ಎಕ್ಸ್ ಕಾನ್ಫಿಗ್‌ನ ಟ್ರೈ ಫೈಲ್ಸ್ ಸಾಲಿನಲ್ಲಿ ಕೊನೆಯ ಆಯ್ಕೆಯಾಗಿ ಇಂಡೆಕ್ಸ್ ಪಿಎಚ್‌ಪಿಯನ್ನು ಕೊಟ್ಟರೆ ಅದು ಸರಿಹೋಗುತ್ತದೆ. ಆದರೆ ಅದೇ ಫೈಲ್‌ನಲ್ಲಿದ್ದ ಹಳೆಯ ರೀಡೈರೆಕ್ಟ್‌ಗಳನ್ನೂ ಬ್ಯಾಕಪ್ ಫೋಲ್ಡರ್‌ಗೆ ಹಾಕಿದ್ದ ತಡೆಯನ್ನೂ ಒಂದೊಂದಾಗಿ ಹೊಸ ಭಾಷೆಗೆ ಬರೆಯಬೇಕು. ಎರಡನೆಯದನ್ನು ಮರೆತರೆ ಬ್ಯಾಕಪ್ ಜಗಜ್ಜಾಹೀರು. ಎಂಜಿನ್‌ಎಕ್ಸ್ ಡಿಫಾಲ್ಟ್ ಆಗಿ 1 ಎಂಬಿಗಿಂತ ದೊಡ್ಡ ಅಪ್‌ಲೋಡನ್ನು 413 ಎಂದು ತಿರಸ್ಕರಿಸುತ್ತದೆ, ಪಿಎಚ್‌ಪಿಯ ಸ್ವಂತ ಮಿತಿ ಪ್ರತಿ ಫೈಲ್‌ಗೆ 2 ಎಂಬಿ. ಎರಡನ್ನೂ ಏರಿಸಬೇಕು. ಒಂದನ್ನು ಮಾತ್ರ ಏರಿಸಿ ತಲೆಕೆಡಿಸಿಕೊಳ್ಳುವುದು ಮಾಮೂಲು.

ಫೈಲ್‌ಗಳ ಒಡೆತನದ್ದು ಇನ್ನೊಂದು ಕಥೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ ನಿಮ್ಮದೇ ಯೂಸರ್ ಹೆಸರಲ್ಲಿ ಓಡುತ್ತಿರುತ್ತದೆ. ಹೊಸ ವಿಎಂನಲ್ಲಿ ಅದು ಬೇರೆ ಯೂಸರ್. ನಕಲಿಸಿದ ಫೈಲ್‌ಗಳು ಲಾಗಿನ್ ಆದವರ ಹೆಸರಲ್ಲಿ ಉಳಿದರೆ ಪ್ಲಗಿನ್ ಅಪ್‌ಡೇಟ್ ಒತ್ತಿದಾಗ ವರ್ಡ್‌ಪ್ರೆಸ್ ಎಫ್‌ಟಿಪಿ ಪಾಸ್‌ವರ್ಡ್ ಕೇಳುತ್ತದೆ. ಒಡೆತನ ಬದಲಿಸಿ, ಫೋಲ್ಡರ್‌ಗೆ 755, ಫೈಲ್‌ಗೆ 644, ವರ್ಡ್‌ಪ್ರೆಸ್ ಕಾನ್ಫಿಗ್ ಫೈಲ್‌ಗೆ 640 ಕೊಡಿ. 777 ಕೊಟ್ಟರೂ ಸಮಸ್ಯೆ ಮಾಯವಾಗುತ್ತದೆ, ಬಾಗಿಲು ತೆಗೆದಿಟ್ಟರೆ ಬೀಗದ ಕೈ ಹುಡುಕುವ ಕಷ್ಟ ಮಾಯವಾಗುವ ಹಾಗೆ.

ಕ್ಲೌಡ್‌ನಲ್ಲಿ ಫೈರ್‌ವಾಲ್ ಸಾಮಾನ್ಯವಾಗಿ ಎರಡು ಪದರ: ಒಂದು ಕಂಪನಿಯ ಕನ್ಸೋಲ್‌ನಲ್ಲಿ, ಇನ್ನೊಂದು ಯಂತ್ರದ ಒಳಗೆ. 80 ಮತ್ತು 443 ಪೋರ್ಟ್ ಎರಡೂ ಕಡೆ ತೆರೆದಿರಬೇಕು. ಒರಾಕಲ್ ಕ್ಲೌಡ್‌ನ ಉಬುಂಟು ಇಮೇಜ್‌ನಲ್ಲಿ ಒಳಗಿನ ಐಪಿಟೇಬಲ್ಸ್ ನಿಯಮಗಳು ಮೊದಲೇ ಬಿಗಿಯಾಗಿರುತ್ತವೆ, ಕನ್ಸೋಲ್‌ನಲ್ಲಿ ಎಷ್ಟು ತೆರೆದರೂ ಸೈಟ್ ಬಾರದಿರುವುದು ಅದಕ್ಕೇ. ಇಸಿ2ದಲ್ಲಿ ಯಂತ್ರವನ್ನು ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದರೆ ಪಬ್ಲಿಕ್ ಐಪಿ ಬದಲಾಗುತ್ತದೆ. ಡಿಎನ್‌ಎಸ್ (ಡೊಮೈನ್ ಹೆಸರನ್ನು ಐಪಿಗೆ ಜೋಡಿಸುವ ವ್ಯವಸ್ಥೆ) ತಿರುಗಿಸುವ ಮೊದಲೇ ಬದಲಾಗದ ಇಲಾಸ್ಟಿಕ್ ಐಪಿ ಕಟ್ಟಿಕೊಳ್ಳಿ.

ಅಗ್ಗದ ವಿಎಂಗಳ ಸಿಪಿಯು ಪೂರ್ತಿ ನಿಮ್ಮದಲ್ಲ ಎಂಬುದೂ ನೆನಪಿರಲಿ. ಇಸಿ2ದ ಟಿ3 ಮೈಕ್ರೋ ಯಂತ್ರಕ್ಕೆ ಗಂಟೆಗೆ 12 ಕ್ರೆಡಿಟ್, ಒಂದು ಕ್ರೆಡಿಟ್ ಎಂದರೆ ಒಂದು ವರ್ಚುವಲ್ ಸಿಪಿಯು ಒಂದು ನಿಮಿಷ ಪೂರ್ತಿ ದುಡಿಯುವಷ್ಟು. ನಿರಂತರವಾಗಿ ಸಿಗುವುದು ಪ್ರತಿ ಸಿಪಿಯುವಿನ 10% ಮಾತ್ರ. ಸೈಟ್ ಸಾಗಿಸಿದ ದಿನವೇ ಎಲ್ಲ ಚಿತ್ರಗಳ ಥಂಬ್‌ನೇಲ್ ಮತ್ತೆ ತಯಾರಿಸಲು ಹೊರಟರೆ ಕ್ರೆಡಿಟ್ ಅಲ್ಲೇ ಖಾಲಿ. ಟಿ3ಯಲ್ಲಿ ಅನ್‌ಲಿಮಿಟೆಡ್ ಮೋಡ್ ಡಿಫಾಲ್ಟ್ ಆಗಿರುವುದರಿಂದ ಸೈಟ್ ನಿಧಾನವಾಗುವುದಿಲ್ಲ, ಬಿಲ್ ಏರುತ್ತದೆ. ಲೈಟ್‌ಸೇಲ್‌ನಲ್ಲಿ ಬಿಲ್ ಏರುವುದಿಲ್ಲ, ಸೈಟ್ ತೆವಳುತ್ತದೆ. ಬಿಲ್ ಹೆಚ್ಚುಕಡಿಮೆ ಆಗಬಾರದು ಎನ್ನುವವರಿಗೆ ಎರಡನೆಯದೇ ವಾಸಿ.

ಮ್ಯಾನೇಜ್ಡ್ ಸರ್ವರ್

ಮೇಲೆ ಹೇಳಿದ್ದರಲ್ಲಿ ಮುಕ್ಕಾಲು ಭಾಗ ಇಲ್ಲಿ ಇಲ್ಲ. ಪಿಎಚ್‌ಪಿ ಆವೃತ್ತಿ, ಸರ್ಟಿಫಿಕೇಟ್, ಬ್ಯಾಕಪ್ ಎಲ್ಲವೂ ಪ್ಯಾನೆಲ್‌ನ ಗುಂಡಿಗಳು. ರೂಟ್ ಪ್ರವೇಶ ಇರುವುದಿಲ್ಲ, ಇಮೇಲ್ ಪೆಟ್ಟಿಗೆಯೂ ಹೋಸ್ಟಿಂಗ್ ಜೊತೆಗೆ ಬರುವುದಿಲ್ಲ. ವರ್ಡ್‌ಪ್ರೆಸ್‌ಗಾದರೆ ಸಾಗಣೆಯ ಪ್ಲಗಿನ್ ಸಿಗುತ್ತದೆ. ಸಣ್ಣ ಸೈಟ್ ಅದರಲ್ಲೇ ದಾಟುತ್ತದೆ, ದೊಡ್ಡದು ಹಳೆಯ ಹೋಸ್ಟ್‌ನ ಎಕ್ಸಿಕ್ಯೂಷನ್ ಸಮಯದ ಮಿತಿಗೆ ಸಿಕ್ಕಿ ನಡುವೆ ನಿಲ್ಲುತ್ತದೆ. ಹಳೆಯ ಕಡೆ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ಸಂಪರ್ಕ) ಇದ್ದರೆ ಪ್ಲಗಿನ್ ಮರೆತು ಫೈಲ್ ನಕಲಿಸುವ ಆರ್‌ಸಿಂಕ್ ಬಳಸಿ. ಅರ್ಧಕ್ಕೆ ನಿಂತರೂ ಮತ್ತೆ ಅದೇ ಆದೇಶ ಕೊಟ್ಟರೆ ಉಳಿದ ಫೈಲ್‌ಗಳು ಮಾತ್ರ ಬರುತ್ತವೆ.

ಇಲ್ಲಿ ಕೆಡುವುದೆಲ್ಲ ಮುಂದೆ ನಿಂತಿರುವ ಪ್ರಾಕ್ಸಿ (ವಿನಂತಿಯನ್ನು ಮೊದಲು ಪಡೆದು ಒಳಗೆ ದಾಟಿಸುವ ಸರ್ವರ್) ಮತ್ತು ಕ್ಯಾಶ್‌ಗಳಿಂದ. ಎಚ್‌ಟಿಟಿಪಿಎಸ್ ಪ್ರಾಕ್ಸಿಯಲ್ಲೇ ಮುಗಿದು ಒಳಗೆ ಸಾದಾ ಎಚ್‌ಟಿಟಿಪಿ ಹೋಗುತ್ತಿದ್ದರೆ, ತಾನಿನ್ನೂ ಅಭದ್ರ ಎಂದುಕೊಂಡ ವರ್ಡ್‌ಪ್ರೆಸ್ ರೀಡೈರೆಕ್ಟ್ ಮಾಡುತ್ತಲೇ ಇರುತ್ತದೆ, ಬ್ರೌಸರ್ ಕೈಚೆಲ್ಲುತ್ತದೆ. ಪ್ರಾಕ್ಸಿ ಕಳಿಸುವ ಫಾರ್ವರ್ಡೆಡ್ ಪ್ರೊಟೊ ಹೆಡರ್ ಎಚ್‌ಟಿಟಿಪಿಎಸ್ ಎಂದಿದ್ದಾಗ ಎಚ್‌ಟಿಟಿಪಿಎಸ್ ಎಂಬ ಸರ್ವರ್ ವೇರಿಯಬಲ್ಲನ್ನು “ಆನ್” ಮಾಡುವ ಒಂದು ಷರತ್ತನ್ನು ಕಾನ್ಫಿಗ್ ಫೈಲ್‌ನಲ್ಲಿ ಹಾಕಿದರೆ ಮುಗಿಯಿತು. ಇದಕ್ಕಿಂತ ತಮಾಷೆಯದು ಲಾಗಿನ್ ತಡೆಯುವ ಪ್ಲಗಿನ್‌ನದ್ದು: ಬರುವವರೆಲ್ಲರ ಐಪಿಯೂ 127.0.0.1 (ಸರ್ವರ್‌ನ ಸ್ವಂತ ವಿಳಾಸ) ಎಂದು ಕಂಡರೆ, ಒಬ್ಬ ಬಾಟ್ ಮಾಡಿದ ತಪ್ಪಿಗೆ ಸೈಟ್ ಮಾಲೀಕರಿಗೂ ಪ್ರವೇಶ ಬಂದ್. ವಾರ್ನಿಶ್ ಎಂಬ ಕ್ಯಾಶ್ ಇದ್ದರೆ ಕಾರ್ಟ್, ಚೆಕ್‌ಔಟ್, ಖಾತೆ ಪುಟಗಳನ್ನು ಕ್ಯಾಶ್‌ನಿಂದ ಹೊರಗಿಡಿ. ಇಲ್ಲದಿದ್ದರೆ ಒಬ್ಬರ ಕಾರ್ಟ್ ಇನ್ನೊಬ್ಬರಿಗೆ ಕಾಣುವ ಅಪಾಯ ಇದೆ.

ಪ್ಲಾಟ್‌ಫಾರ್ಮ್

ವರ್ಡ್‌ಪ್ರೆಸ್‌ಗೆ ಇದು ಒಗ್ಗುವುದಿಲ್ಲ. ಇಲ್ಲಿನ ಫೈಲ್ ಸಿಸ್ಟಂ ಕ್ಷಣಿಕ. ಹೆರೋಕುವಿನಲ್ಲಿ ಡೈನೋ (ಆ್ಯಪ್ ಓಡುವ ಕಂಟೇನರ್) ದಿನಕ್ಕೊಮ್ಮೆಯಾದರೂ ಮರುಚಾಲನೆಯಾಗುತ್ತದೆ, ಆಗ ಅಪ್‌ಲೋಡ್ ಮಾಡಿದ ಚಿತ್ರವೂ ಅಡ್ಮಿನ್‌ನಲ್ಲಿ ಒತ್ತಿದ ಪ್ಲಗಿನ್ ಅಪ್‌ಡೇಟೂ ಮಾಯ. ಚಿತ್ರಗಳನ್ನು ಫೈಲ್ ಇಡಲೆಂದೇ ಇರುವ ಪ್ರತ್ಯೇಕ ಸೇವೆಯಾದ ಆಬ್ಜೆಕ್ಟ್ ಸ್ಟೋರೇಜ್‌ಗೆ ಕಳಿಸಬೇಕು, ಪ್ಲಗಿನ್‌ಗಳನ್ನು ಗಿಟ್‌ನಲ್ಲಿಟ್ಟು ಡಿಪ್ಲಾಯ್ ಮಾಡಬೇಕು. ಡೇಟಾಬೇಸ್ ಪ್ರತ್ಯೇಕ ಸೇವೆಯಾದ್ದರಿಂದ ಅದು ಅದೇ ರೀಜನ್‌ನಲ್ಲಿ ಇರಲೇಬೇಕು: ಪುಟಕ್ಕೆ 60 ಕ್ವೆರಿ, ಪ್ರತಿಯೊಂದಕ್ಕೂ ಹೋಗಿಬರಲು 30 ಮಿಲಿಸೆಕೆಂಡ್ ಎಂದರೆ ಬರೀ ಓಡಾಟಕ್ಕೇ 1.8 ಸೆಕೆಂಡ್. ಸ್ವಂತವಾಗಿ ಬರೆದ ಲಾರಾವೆಲ್, ಜ್ಯಾಂಗೋ ಆ್ಯಪ್‌ಗಳಿಗೆ ಇದು ಹೇಳಿಮಾಡಿಸಿದ ಜಾಗ. ಪುಟಗಳು ಬದಲಾಗುವುದೇ ಅಪರೂಪವಾದರೆ ಸೈಟನ್ನು ಸ್ಟ್ಯಾಟಿಕ್ ಆಗಿ ಹೊರತೆಗೆದು ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಇಡಬಹುದು. ಉಚಿತ ಯೋಜನೆಯಲ್ಲಿ 20,000 ಫೈಲ್, ಒಂದೊಂದು ಫೈಲ್ 25 ಎಂಬಿ ಎಂಬ ಮಿತಿಗಳಿವೆ. ವರ್ಡ್‌ಪ್ರೆಸ್ ಪ್ರತಿ ಚಿತ್ರಕ್ಕೂ ಹಲವು ಅಳತೆಯ ನಕಲು ಮಾಡುವುದರಿಂದ ಫೈಲ್‌ಗಳ ಮಿತಿಯೇ ಮೊದಲು ಅಡ್ಡಬರುತ್ತದೆ.

ಡೇಟಾಬೇಸ್: ಮೂರು ದಾರಿಗೂ ಒಂದೇ ಹಳ್ಳ

ಕನ್ನಡ ಸೈಟ್ ಸಾಗಿಸಿದ ಮೇಲೆ ಅಕ್ಷರಗಳೆಲ್ಲ ಚಿತ್ರವಿಚಿತ್ರ ಗುರುತುಗಳಾದರೆ ಹೊಸ ಸರ್ವರ್‌ನ ತಪ್ಪಲ್ಲ. ಹಳೆಯ ಟೇಬಲ್ ಲ್ಯಾಟಿನ್1 (ಕನ್ನಡ ಹಿಡಿಸದ ಹಳೆಯ ಅಕ್ಷರ ಸಂಕೇತ) ಎಂದು ಘೋಷಿತವಾಗಿದ್ದು ಒಳಗೆ ಯುಟಿಎಫ್-8 ಬೈಟ್‌ಗಳೇ ಕೂತಿರುತ್ತವೆ. ಹಳೆಯ ಸೈಟ್ ಬರೆಯುವಾಗಲೂ ಓದುವಾಗಲೂ ಅದೇ ಸುಳ್ಳು ಹೇಳುತ್ತಿದ್ದರಿಂದ ಸರಿಯಾಗಿಯೇ ಕಾಣುತ್ತಿತ್ತು. ಡಂಪ್ ಮಾಡುವಾಗ (ಡೇಟಾಬೇಸನ್ನು ಫೈಲ್‌ಗೆ ಇಳಿಸುವಾಗ) ಪರಿವರ್ತನೆ ನಡೆದು ಬೈಟ್‌ಗಳು ಎರಡು ಸಲ ಎನ್‌ಕೋಡ್ ಆಗುತ್ತವೆ. ಪರೀಕ್ಷೆ ಸುಲಭ: ಬರೀ “ಕ” ಇರುವ ಒಂದು ಸಾಲಿಗೆ ಕ್ಯಾರೆಕ್ಟರ್ ಲೆಂಗ್ತ್ ಕೇಳಿ. 1 ಬಂದರೆ ಸರಿ, 3 ಬಂದರೆ ಟೇಬಲ್ ಸುಳ್ಳು ಹೇಳುತ್ತಿದೆ (ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್). ಅಂಥಾ ಟೇಬಲ್ಲನ್ನು ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಎಂದೇ ಹೇಳಿ, ಸ್ಕಿಪ್ ಸೆಟ್ ಚಾರ್‌ಸೆಟ್ ಆಯ್ಕೆಯೊಂದಿಗೆ ಡಂಪ್ ಮಾಡಿ. ಫೈಲ್ ಒಳಗಿನ ಟೇಬಲ್ ಘೋಷಣೆಗಳಲ್ಲಿ ಲ್ಯಾಟಿನ್1 ಇದ್ದಲ್ಲಿ ಯುಟಿಎಫ್8ಎಂಬಿ4 ಹಾಕಿ, ಇಂಪೋರ್ಟ್ ಮಾಡುವಾಗ ಯುಟಿಎಫ್8ಎಂಬಿ4 ಎಂದೇ ಹೇಳಿ.

ಮೈಎಸ್‌ಕ್ಯೂಎಲ್ 8ರ ಡಂಪನ್ನು ಅದರಿಂದಲೇ ಕವಲೊಡೆದ ಮಾರಿಯಾಡಿಬಿಯ ಹಳೆಯ ಆವೃತ್ತಿಗೆ ಹಾಕಿದರೆ 1273 ಎರರ್ ಬರುತ್ತದೆ. 0900 ಎಂಬ ಸಂಖ್ಯೆ ಇರುವ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಹೆಸರು ಅದಕ್ಕೆ ಗೊತ್ತಿಲ್ಲ, ಯುನಿಕೋಡ್ ಸಿಐಗೆ ಬದಲಿಸಿ. ಉಲ್ಟಾ ದಿಕ್ಕಿನಲ್ಲಿ, 2024ರ ನಂತರದ ಮಾರಿಯಾಡಿಬಿ ಡಂಪ್‌ನ ಮೊದಲ ಸಾಲಿನಲ್ಲಿ ಸ್ಯಾಂಡ್‌ಬಾಕ್ಸ್ ಮೋಡ್ ಎಂಬ ಕಾಮೆಂಟ್ ಇರುತ್ತದೆ, ಮೈಎಸ್‌ಕ್ಯೂಎಲ್ ಕ್ಲೈಂಟ್ ಅಲ್ಲೇ ಮುಗ್ಗರಿಸುತ್ತದೆ. ಆ ಒಂದು ಸಾಲು ಅಳಿಸಿದರೆ ಸಾಕು. ಫೋಲ್ಡರ್ ದಾರಿ ಅಥವಾ ಡೊಮೈನ್ ಬದಲಾಗಿದ್ದರೆ ಎಡಿಟರ್‌ನಲ್ಲಿ ಫೈಂಡ್ ರಿಪ್ಲೇಸ್ ಮಾಡಬೇಡಿ. ಸೀರಿಯಲೈಸ್ ಆದ (ಒಂದೇ ಪಠ್ಯವಾಗಿ ಪೊಟ್ಟಣ ಕಟ್ಟಿದ) ಡೇಟಾದಲ್ಲಿ ಪದದ ಉದ್ದವೂ ಬರೆದಿರುತ್ತದೆ, ಉದ್ದ ತಪ್ಪಿದರೆ ವಿಜೆಟ್‌ಗಳೂ ಥೀಮ್ ಸೆಟ್ಟಿಂಗ್‌ಗಳೂ ಖಾಲಿ. ವರ್ಡ್‌ಪ್ರೆಸ್‌ನ ಕಮಾಂಡ್ ಉಪಕರಣ ಡಬ್ಲ್ಯೂಪಿ ಸಿಎಲ್‌ಐನ ಸರ್ಚ್ ರಿಪ್ಲೇಸ್ ಆ ಉದ್ದವನ್ನೂ ತಿದ್ದುತ್ತದೆ. ಮೊದಲು ಡ್ರೈ ರನ್, ಆಮೇಲೆ ನಿಜದ್ದು.

ಡಿಎನ್‌ಎಸ್, ಇಮೇಲ್

ಸಿಪ್ಯಾನೆಲ್ ಝೋನ್‌ನ (ಡೊಮೈನ್‌ನ ಡಿಎನ್‌ಎಸ್ ದಾಖಲೆಗಳ ಪಟ್ಟಿ) ಟಿಟಿಎಲ್ (ಇತರರು ಆ ಉತ್ತರವನ್ನು ಇಟ್ಟುಕೊಳ್ಳುವ ಅವಧಿ) ಡಿಫಾಲ್ಟ್ 14400 ಸೆಕೆಂಡ್, ಅಂದರೆ 4 ಗಂಟೆ. ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಿ. ತಿರುಗಿಸುವ ಹೊತ್ತಿನಲ್ಲಿ ಇಳಿಸಿದರೆ ಪ್ರಯೋಜನವಿಲ್ಲ, ಹಳೆಯ ಉತ್ತರ ಹಿಡಿದವರು 4 ಗಂಟೆ ಅದನ್ನೇ ಇಟ್ಟುಕೊಂಡಿರುತ್ತಾರೆ. ಸಾಗಣೆಯ ದಿನ ಎ ರೆಕಾರ್ಡ್ (ಡೊಮೈನ್‌ನ ಐಪಿ ಹೇಳುವ ದಾಖಲೆ) ಮಾತ್ರ ಬದಲಿಸಿ, ನೇಮ್‌ಸರ್ವರ್ (ಝೋನ್ ಇಟ್ಟುಕೊಂಡಿರುವ ಸರ್ವರ್) ಮುಟ್ಟಬೇಡಿ. ಡಾಟ್ ಕಾಮ್‌ನಲ್ಲಿ ನೇಮ್‌ಸರ್ವರ್ ದಾಖಲೆಯ ಟಿಟಿಎಲ್ 172800 ಸೆಕೆಂಡ್, ಪೂರ್ತಿ 2 ದಿನ, ಅದನ್ನು ಇಳಿಸುವ ಅಧಿಕಾರ ನಿಮಗಿಲ್ಲ. ಐಪಿವಿ6ರ ಕ್ವಾಡ್ ಎ ರೆಕಾರ್ಡ್ ಇದ್ದರೆ ಅದನ್ನೂ ಬದಲಿಸಿ ಅಥವಾ ತೆಗೆಯಿರಿ. ಬಿಟ್ಟರೆ ಮೊಬೈಲ್‌ನಲ್ಲಿ ಹಳೆಯ ಸೈಟ್, ಕಂಪ್ಯೂಟರ್‌ನಲ್ಲಿ ಹೊಸದು ಎಂಬ ಗೊಂದಲ.

ತಿರುಗಿಸುವ ಮೊದಲು ನಿಮ್ಮ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲ್‌ನಲ್ಲಿ ಹೊಸ ಐಪಿ ಬರೆದು ಲಾಗಿನ್, ಫಾರ್ಮ್, ಅಪ್‌ಲೋಡ್ ಎಲ್ಲ ನೋಡಿ. ಸರ್ಟಿಫಿಕೇಟ್‌ಗಾಗಿ ಡೊಮೈನ್ ನಿಮ್ಮದೆಂದು ತೋರಿಸುವ ಎಚ್‌ಟಿಟಿಪಿ ಪರೀಕ್ಷೆ ಆಗ ನಡೆಯುವುದಿಲ್ಲ, ಡೊಮೈನ್ ಇನ್ನೂ ಹಳೆಯ ಕಡೆಗೇ ತಿರುಗಿದೆ. ಟಿಎಕ್ಸ್‌ಟಿ ರೆಕಾರ್ಡ್ ಹಾಕುವ ಡಿಎನ್‌ಎಸ್ ಪರೀಕ್ಷೆಯಲ್ಲಿ ಮೊದಲೇ ಪಡೆಯಬಹುದು. ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಗಂಟೆಗೆ 5 ವಿಫಲ ಯತ್ನ, ಅದೇ ಹೆಸರುಗಳಿಗೆ 7 ದಿನಕ್ಕೆ 5 ಸರ್ಟಿಫಿಕೇಟ್ ಎಂಬ ಮಿತಿ ಇಟ್ಟಿದೆ, ಪ್ರಯೋಗವೆಲ್ಲ ಅದರ ಪರೀಕ್ಷಾ ಸರ್ವರ್ ಆದ ಸ್ಟೇಜಿಂಗ್‌ನಲ್ಲೇ ಆಗಲಿ. ಹೀಗೆ ಕೈಯಿಂದ ಪಡೆದದ್ದು ತಾನಾಗಿ ನವೀಕರಣವಾಗುವುದಿಲ್ಲ, ಡಿಎನ್‌ಎಸ್ ತಿರುಗಿದ ಮೇಲೆ ಎಚ್‌ಟಿಟಿಪಿ ವಿಧಾನಕ್ಕೆ ಬದಲಿಸಿಕೊಳ್ಳಿ.

ಇಮೇಲ್‌ನದು ಎಲ್ಲಕ್ಕಿಂತ ಮೋಸದ ಹಳ್ಳ. ಸಿಪ್ಯಾನೆಲ್‌ನಲ್ಲಿ ಎಂಎಕ್ಸ್ ರೆಕಾರ್ಡ್ (ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ದಾಖಲೆ) ಸಾಮಾನ್ಯವಾಗಿ ಡೊಮೈನ್ ಹೆಸರಿಗೇ ತೋರಿಸುತ್ತಿರುತ್ತದೆ. ಎ ರೆಕಾರ್ಡ್ ಬದಲಿಸಿದ ಕ್ಷಣ ಇಮೇಲ್ ಕೂಡ ಹೊಸ ಸರ್ವರ್‌ಗೆ ಹೊರಡುತ್ತದೆ, ಅಲ್ಲಿ ಅದನ್ನು ಸ್ವೀಕರಿಸುವವರೇ ಇಲ್ಲ. ಕಳಿಸಿದವರಿಗೆ ತಕ್ಷಣ ಎರರ್ ಬರುವುದಿಲ್ಲ. ಅವರ ಸರ್ವರ್ 4-5 ದಿನ ಮತ್ತೆಮತ್ತೆ ಯತ್ನಿಸಿ ಕೊನೆಗೆ ವಾಪಸ್ ಕಳಿಸುತ್ತದೆ. ಅಷ್ಟರವರೆಗೆ ನಿಮಗೆ ಮೇಲ್ ಕಡಿಮೆಯಾಗಿದೆ ಅನ್ನಿಸುತ್ತದೆ ಅಷ್ಟೆ. ಹಾಗಾಗಿ ಮೊದಲೇ “ಮೇಲ್” ಎಂಬ ಸಬ್‌ಡೊಮೈನ್‌ನ ಸಿನೇಮ್ (ಇನ್ನೊಂದು ಹೆಸರಿಗೆ ತೋರಿಸುವ ದಾಖಲೆ) ಅಳಿಸಿ, ಹಳೆಯ ಐಪಿಗೆ ಎ ರೆಕಾರ್ಡ್ ಕೊಟ್ಟು, ಎಂಎಕ್ಸನ್ನು ಅದಕ್ಕೆ ತಿರುಗಿಸಿ. ಎಂಎಕ್ಸ್ ಸಿನೇಮ್‌ಗೆ ತೋರಿಸಬಾರದು. ಹೊರಹೋಗುವ ಮೇಲ್ ಇನ್ನೊಂದು ತಲೆನೋವು: ಗೂಗಲ್ ಕ್ಲೌಡ್ ಸರ್ವರ್‌ಗಳು ಮೇಲ್ ಸಾಗಿಸುವ 25ನೇ ಪೋರ್ಟನ್ನು ತಡೆದಿದೆ, ಇಸಿ2ದಲ್ಲಿ ಅದು ಡಿಫಾಲ್ಟ್ ಆಗಿ ಮುಚ್ಚಿದೆ. ಸೈಟ್‌ನ ಫಾರ್ಮ್‌ಗಳು ಎಸ್‌ಎಂಟಿಪಿ (ಮೇಲ್ ಕಳಿಸುವ) ಸೇವೆಯೊಂದರ ಮೂಲಕ ಹೋಗಲಿ, ಆ ಸೇವೆ ಎಸ್‌ಪಿಎಫ್ (ನಿಮ್ಮ ಡೊಮೈನ್ ಹೆಸರಲ್ಲಿ ಮೇಲ್ ಕಳಿಸಬಹುದಾದವರ ಪಟ್ಟಿ) ಸಾಲಿನಲ್ಲೂ ಇರಲಿ.

ಕೊನೆಯ ಸಿಂಕ್‌ಗೆ ಮೊದಲು ಹಳೆಯ ಸೈಟನ್ನು ಮೇಂಟೆನನ್ಸ್‌ಗೆ ಹಾಕಿ, ಡೇಟಾಬೇಸ್ ಮತ್ತೊಮ್ಮೆ ಡಂಪ್ ಮಾಡಿ, ಆರ್‌ಸಿಂಕ್ ಇನ್ನೊಂದು ಸುತ್ತು ಓಡಿಸಿ, ಆಮೇಲೆ ಡಿಎನ್‌ಎಸ್. ಹಳೆಯ ಖಾತೆಯ ಆ್ಯಕ್ಸೆಸ್ ಲಾಗ್‌ನಲ್ಲಿ ಬಾಟ್‌ಗಳು ಮಾತ್ರ ಉಳಿದ ಮೇಲೆ ಅದನ್ನು ಮುಚ್ಚುವ ಯೋಚನೆ ಮಾಡಬಹುದು. ಮುಚ್ಚುವ ಮುನ್ನ ನೇಮ್‌ಸರ್ವರ್ ಯಾರದ್ದು ನೋಡಿ. ಅದು ಹಳೆಯ ಹೋಸ್ಟ್‌ನದೇ ಆಗಿದ್ದರೆ ಖಾತೆಯ ಜೊತೆಗೆ ಝೋನ್ ಕೂಡ ಅಳಿಯುತ್ತದೆ, ಹೊಸ ಸರ್ವರ್ ಚೆನ್ನಾಗಿ ಓಡುತ್ತಿದ್ದರೂ ಡೊಮೈನ್ ಎಲ್ಲಿಗೂ ತೋರಿಸುವುದಿಲ್ಲ. ಝೋನ್‌ನ ಪ್ರತಿ ಸಾಲನ್ನೂ ಹೊಸ ಡಿಎನ್‌ಎಸ್ ಸೇವೆಗೆ ನಕಲಿಸಿ, ನೇಮ್‌ಸರ್ವರ್ ಬದಲಿಸಿ, 2 ದಿನ ಬಿಟ್ಟು ಖಾತೆ ಮುಚ್ಚಿ. ಇಮೇಲ್ ಪೆಟ್ಟಿಗೆಗಳು ಆ ಖಾತೆಯಲ್ಲೇ ಇದ್ದರೆ ಅವಕ್ಕೆ ಬೇರೆ ಜಾಗ ಆಗುವವರೆಗೆ ಮುಚ್ಚುವ ಹಾಗೇ ಇಲ್ಲ.